ಶಾಸಕರ ಮತ ಯಾರದು?



ಅಕ್ಕಲಕೋಟೆಯ ರೈತರೊಬ್ಬರು ಸೊಲ್ಲಾಪುರದ ದಲಾಲಿ ಅಂಗಡಿಗೆ ತೊಗರಿ ಕಳಿಸುತ್ತಾರೆನ್ನೋಣ. ಇಂಥ ದರ ಬಂದರೆ ಮಾತ್ರ ಮಾರಿರಿ ಎಂದು ಹೇಳಿ ಕಳಿಸಬಹುದು. ಪೇಟೆ ನೋಡಿ ನಿಮಗೆ ತಿಳಿದಂತೆ ಮಾಡಿರಿ ಎಂದೂ ಬಿಡಬಹುದು. ನಾವು ಆರಿಸಿ ಕಳಿಸಿದ ಶಾಸಕರು ಈ ಎರಡರಲ್ಲಿ ಯಾವುದಕ್ಕೆ ಬದ್ಧರು? ಪ್ರತಿನಿಧಿಯಾದವನು ತನ್ನ ವಿವೇಕವನ್ನು ಮತದಾರರ ಅಭಿಪ್ರಾಯಕ್ಕೆ ಒಪ್ಪಿಸಿಬಿಡಬಾರದೆಂದು ಎಡ್ಮಂಡ್ ಬರ್ಕ್ ಅವರು 1774ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮತದಾರರೆದುರೇ ವಾದಿಸಿದರು. 1780ರಲ್ಲಿ ಅದೇ ಊರಿನಲ್ಲಿ ಗೆಲ್ಲುವ ಭರವಸೆ ಕಾಣದೆ ಕಣದಿಂದ ಹಿಂದೆ ಸರಿದರು. ವಿವೇಕಕ್ಕೆ ಬೆಲೆ ತೆರಬೇಕಾಗುತ್ತದೆ.

ನಮ್ಮ ದೇಶದಲ್ಲಿ ಪ್ರಶ್ನೆ ಇನ್ನೂ ಜಟಿಲವಾಗಿದೆ. ರೈತ ಮತ್ತು ದಲಾಲರ ನಡುವೆ ಮೂರನೆಯದಾಗಿ ಪಕ್ಷ ಕುಳಿತಿದೆ. 1967ರಲ್ಲಿ ಹರಿಯಾಣದ ಶಾಸಕ ಗಯಾಲಾಲ್ ಹದಿನೈದು ದಿನಗಳೊಳಗೆ ಮೂರು ಸಲ ಪಕ್ಷ ಬದಲಿಸಿದರು. ಇಂಥ ಜಿಗಿತಕ್ಕೆ ಕಡಿವಾಣ ಹಾಕಲೆಂದು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಆದರೆ ಆ ಕಾನೂನು ಪಕ್ಷ ಬಿಟ್ಟವರನ್ನಷ್ಟೇ ಹಿಡಿಯಲಿಲ್ಲ. ವಿಪ್ ಮೀರಿ ಮತ ಹಾಕಿದವರ ಸ್ಥಾನಕ್ಕೂ ಕುತ್ತು ತಂದಿತು. ನೀರಾವರಿ ಇರಲಿ, ಮಾರುಕಟ್ಟೆ ಶುಲ್ಕ ಇರಲಿ, ಒಂದು ಮಸೂದೆಯಿಂದ ತನ್ನ ತಾಲೂಕಿಗೆ ಹಾನಿಯೆಂದು ಬಲ್ಲ ಶಾಸಕನೂ ವಿಪ್ ಬಂದರೆ ಅದರ ಪರವಾಗಿಯೇ ಕೈ ಎತ್ತಬೇಕು. ಇದು ಧರ್ಮವೇ?

ಮಾರಾಟವಾದರೂ ನಿಂತಿತೇ ಎಂದರೆ, ಅದೂ ಇಲ್ಲ. ಮೊದಲು ಮೂರನೇ ಒಂದು ಭಾಗ ಸದಸ್ಯರು ಒಟ್ಟಾಗಿ ಒಡೆದರೆ ಕಾನೂನು ತಟ್ಟುತ್ತಿರಲಿಲ್ಲ. ಚಿಲ್ಲರೆ ವ್ಯಾಪಾರ ನಿಂತು ಸಗಟು ವ್ಯಾಪಾರ ಉಳಿಯಿತು. 2003ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಸರ್ವೋಚ್ಚ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿದರೂ ಉಪಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟಿತು. ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಗೆದ್ದು ಬಂದರು. ಮತದಾರರು ಮನ್ನಿಸಿದರೋ ಮರೆತರೋ, ಆ ಪಾಲು ನಮ್ಮದೇ.

ವಿಶ್ವಾಸಮತ ಮತ್ತು ಪಕ್ಷದ ಮೂಲ ಕಾರ್ಯಕ್ರಮ, ಇಂಥವಕ್ಕೆ ಮಾತ್ರ ವಿಪ್ಪಿನ ಈ ಶಿಕ್ಷೆ ಮೀಸಲಿರಲಿ ಎಂಬ ಆಶಯವನ್ನು ಸರ್ವೋಚ್ಚ ನ್ಯಾಯಾಲಯ 1992ರಲ್ಲೇ ವ್ಯಕ್ತಪಡಿಸಿತ್ತು. ಅದು ಸರಿಯಾದ ಮಾತೆಂದೇ ನನ್ನ ಎಣಿಕೆ. ಆದರೆ ಸ್ವಾತಂತ್ರ್ಯ ಪಡೆದವನು ಲೆಕ್ಕವನ್ನೂ ಕೊಡಬೇಕು. ದಲಾಲರು ತೂಕ, ದರ, ಹಮಾಲಿ ಬರೆದು ಪಟ್ಟಿ ಕೊಡುತ್ತಾರೆ. ಶಾಸನಸಭೆಗಳಲ್ಲಿ ಬಹುತೇಕ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುವುದರಿಂದ ಯಾರು ಹೌದೆಂದರು, ಯಾರು ಅಲ್ಲವೆಂದರು ಎಂಬ ದಾಖಲೆಯೇ ಉಳಿಯುವುದಿಲ್ಲ. ಹೆಸರು ಬರೆದುಕೊಂಡು ಮತ ಎಣಿಸಿರೆಂದು ಸದಸ್ಯರು ಕೇಳಬಹುದು. ಹಾಗೆ ಕೇಳುವವರು ವಿರಳ. ಅವರು ಏಕೆ ಕೇಳಲಿಲ್ಲವೆಂದು ವಿಚಾರಿಸುವ ಮತದಾರರು ಅದಕ್ಕಿಂತ ವಿರಳ.