ದುಂದು ಎಂಬದು ಯಾವದು?

ಈಗ ನಮ್ಮ ಹಳ್ಳಿಗಳಿಗೂ ದೂರದಿಂದ ಪಾರ್ಸೆಲ್‌ಗಳು ಬರುತ್ತವೆ. ಮೊಬೈಲ್, ಎಲ್.ಇ.ಡಿ. ದೀಪ ಮೊದಲಾದವುಗಳನ್ನು ದುರಸ್ತಿಮಾಡುವ ಯೌವನಸ್ಥರೂ ಪಾಲಿಟೆಕ್ನಿಕ್‌ನಲ್ಲಿ ಕಲಿಯುವ ಹುಡುಗರೂ ತಮಗೆ ಬೇಕಾದ ಬಿಡಿಭಾಗಗಳನ್ನು ಇಂಟರ್ನೆಟ್ಟಿನ ಮೂಲಕ ತರಿಸಿಕೊಳ್ಳುತ್ತಾರೆ. ಅಂಥ ಪಾರ್ಸೆಲ್ಲನ್ನು ಬಿಚ್ಚುವದು ಒಂದು ವಿನೋದವೇ ಸರಿ. ಮೊದಲು ರಟ್ಟಿನ ಪೆಟ್ಟಿಗೆ. ಅದರೊಳಗೆ ಮುದುರಿದ ಕಾಗದ ಮತ್ತು ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬುಗಳು. ಅವುಗಳ ನಡುವೆ ಬೆಳ್ಳಿಯ ಬಣ್ಣದ ಚೀಲ. ಆ ಚೀಲದೊಳಗೆ ಇನ್ನೊಂದು ಚೀಲ. ಅದರೊಳಗೆ ಒಂದು ಪಟ್ಟಿ. ಪಟ್ಟಿಯ ಗುಳಿಗಳಲ್ಲಿ ರಾಗಿಯ ಕಾಳಿನಷ್ಟು ಚಿಕ್ಕವಾದ ಹತ್ತು ತುಣುಕುಗಳು! ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ನೆನಸಿ ಮನೆಯವರೆಲ್ಲರೂ ನಗುತ್ತಾರೆ.

ಆದರೆ ನಗುವಿನಿಂದ ತೀರದ ಒಂದು ಪ್ರಶ್ನೆ ಇಲ್ಲಿ ಉಂಟು. ಇದನ್ನು ಕಳುಹಿಸಿದ ವ್ಯಾಪಾರಿಯು ಮೂಢನಲ್ಲ, ಲೆಕ್ಕ ಬಲ್ಲವನು. ಹೀಗೆ ಮಾಡುವದೇ ತನಗೆ ಅಗ್ಗವೆಂದು ಅವನು ಎಣಿಸಿ ನೋಡಿದ್ದಾನೆ. ಕೊಂಡವನಿಗೂ ಹೆಚ್ಚು ಬೆಲೆ ಬೀಳಲಿಲ್ಲ. ಮಾರಿದವನಿಗೂ ಕೊಂಡವನಿಗೂ ಹಣದ ನಷ್ಟವಿಲ್ಲದಿರಲಾಗಿ ಅದನ್ನು ದುಂದು ಎನ್ನಬಹುದೋ? ಇದನ್ನು ಸ್ವಲ್ಪ ವಿಚಾರಿಸೋಣ.

ತೀರ್ಪು ಹೇಳುವದಕ್ಕೆ ಮುಂಚೆ ಆಪಾದಿತನ ಮಾತನ್ನು ಕೇಳತಕ್ಕದ್ದು. ಚಳಿಗಾಲದ ಒಣಹವೆಯಲ್ಲಿ ಉಣ್ಣೆಯ ಅಂಗಿಯನ್ನು ತೆಗೆಯುವಾಗ ಚಟಚಟನೆ ಶಬ್ದವಾಗುವದನ್ನು ಎಲ್ಲರೂ ಬಲ್ಲರು. ಅದು ಸ್ಥಾಯೀ ವಿದ್ಯುತ್ತು. ಅಂಥ ಕಿಡಿಯು ನಮ್ಮ ಬೆರಳಿಗೆ ತಿಳಿಯಬೇಕಾದರೆ ಸುಮಾರು 3000 ವೋಲ್ಟ್ ಬೇಕು, ಕೆಲವು ಐ.ಸಿ.ಗಳಾದರೋ 100 ವೋಲ್ಟಿಗಿಂತ ಕಡಿಮೆಯಾದದರಿಂದಲೇ ಕೆಟ್ಟುಹೋಗುತ್ತವೆ. ಮುಟ್ಟಿದವನಿಗೆ ಏನೂ ತಿಳಿಯದೆಯೇ ವಸ್ತುವು ಹಾಳಾಗಿರುತ್ತದೆ. ಬೆಳ್ಳಿಯ ಬಣ್ಣದ ಚೀಲದ ಪದರುಗಳ ನಡುವೆ ಇರುವ ತೆಳ್ಳಗಿನ ಲೋಹವು ಆ ವಿದ್ಯುತ್ತನ್ನು ಹೊರಗೆಯೇ ತಡೆಯುತ್ತದೆ. ಇನ್ನೊಂದು ಅಪಾಯವು ತೇವದಿಂದ ಬರುವದು. ಐ.ಸಿ.ಯ ಪ್ಲಾಸ್ಟಿಕ್ ಮೈಯು ಗಾಳಿಯಲ್ಲಿರುವ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಬೆಸುಗೆಗಾಗಿ ಅದನ್ನು 200 ಡಿಗ್ರಿಗೂ ಮೇಲೆ ಕಾಯಿಸುವಾಗ ಆ ತೇವವು ಆವಿಯಾಗಿ, ಹುರಿದ ಜೋಳವು ಅರಳಾಗುವ ಹಾಗೆ, ಒಳಗಿನಿಂದ ಸಿಡಿದು ಬಿರುಕು ಬಿಡಿಸುತ್ತದೆ. ಅದಕ್ಕಾಗಿಯೇ ಕೆಲವು ಚೀಲಗಳಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣವೂ ತೇವವನ್ನು ಬಣ್ಣದಿಂದ ತೋರಿಸುವ ಚೀಟಿಯೂ ಇರುತ್ತವೆ. ಗುಳಿಗಳುಳ್ಳ ಪಟ್ಟಿಯೂ ನಿಷ್ಕಾರಣವಾದದ್ದಲ್ಲ. ಹೆಕ್ಕಿ ಇಡುವ ಯಂತ್ರವು 5000 ತುಣುಕುಗಳ ಸುರುಳಿಯಿಂದ ಒಂದೊಂದನ್ನೇ ತೆಗೆದುಕೊಳ್ಳುವದಕ್ಕಾಗಿ ಅದನ್ನು ಮಾಡಿದ್ದಾರೆ.

ಹೀಗಿರಲಾಗಿ ಹೊದಿಕೆಯೆಲ್ಲವೂ ದುಂದು ಎಂದು ಹೇಳಲಾಗದು. ಭತ್ತಕ್ಕೆ ಉಮಿ ಬೇಕು, ತೆಂಗಿನಕಾಯಿಗೆ ಚಿಪ್ಪು ಬೇಕು. ಒಡೆದ ವಸ್ತುವನ್ನು ಎಸೆಯುವದು ಪೆಟ್ಟಿಗೆಯನ್ನು ಎಸೆಯುವದಕ್ಕಿಂತ ದೊಡ್ಡ ನಷ್ಟ; ಅದನ್ನು ಮಾಡಿದ ಅನೇಕರ ಪ್ರಯಾಸವೆಲ್ಲಾ ಅದರೊಂದಿಗೆ ಹೋಗುತ್ತದೆ. ಗುಳ್ಳೆಗಳುಳ್ಳ ಪ್ಲಾಸ್ಟಿಕ್ ಹಾಳೆಯ ಕಥೆಯೂ ಇದನ್ನೇ ತಿಳಿಸುತ್ತದೆ. 1957ರಲ್ಲಿ ಅಮೇರಿಕದಲ್ಲಿ ಆಲ್ಫ್ರೆಡ್ ಫೀಲ್ಡಿಂಗ್, ಮಾರ್ಕ್ ಶವಾನ್ ಎಂಬಿಬ್ಬರು ಗೋಡೆಗೆ ಅಂಟಿಸುವ ಅಲಂಕಾರದ ಕಾಗದವನ್ನು ಮಾಡಹೋಗಿ ಆ ಹಾಳೆಯನ್ನು ಕಂಡುಹಿಡಿದರು. ಗೋಡೆಗೆ ಅದು ಬೇಡವಾಯಿತು. ತರುವಾಯ ಐ.ಬಿ.ಎಂ. ಕಂಪೆನಿಯವರು ತಮ್ಮ ಗಣಕಯಂತ್ರಗಳನ್ನು ಸಾಗಿಸುವಾಗ ಅದನ್ನು ಹೊದಿಸತೊಡಗಿದ ಮೇಲೆ ಅದು ಲೋಕಕ್ಕೆಲ್ಲಾ ಬೇಕಾಯಿತು. ಒಂದು ಸ್ಥಳದಲ್ಲಿ ನಿಷ್ಪ್ರಯೋಜಕವಾದದ್ದು ಇನ್ನೊಂದು ಸ್ಥಳದಲ್ಲಿ ಕಾವಲುಗಾರನಾಯಿತು. ಆದದರಿಂದ ದುಂದು ಎಂಬದು ವಸ್ತುವಿನಲ್ಲಿಲ್ಲ, ತಕ್ಕ ಸ್ಥಳ ತಪ್ಪುವದರಲ್ಲಿದೆ.

ಆದರೆ ಕಬ್ಬಿಣದ ತಿರುಪಿಗೆ ಕಿಡಿಯ ಭಯವೇನು? ತಂತಿಯ ತುಂಡಿಗೆ ತೇವದ ಭಯವೇನು? ಸಾಧಾರಣ ರೆಸಿಸ್ಟರ್ ಒಂದಕ್ಕೆ ಕಾಗದದ ಪೊಟ್ಟಣ ಸಾಲದೋ? ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವನು ಎದುರಿಗೆ ನಿಂತ ಗಿರಾಕಿಗೆ ಅವುಗಳನ್ನು ಒಂದು ಸಣ್ಣ ಚೀಲದಲ್ಲಿ ಹಾಕಿ ಕೊಡುತ್ತಾನಲ್ಲವೇ? ಹಾಗಾದರೆ ದೂರದ ಮಳಿಗೆಯವನು ತಿರುಪಿಗೂ ಐ.ಸಿ.ಗೂ ಒಂದೇ ಮರ್ಯಾದೆಯನ್ನು ಮಾಡುವದೇಕೆ? ಕಾರಣವಿಷ್ಟೇ: ಅವನ ಮಳಿಗೆಯಲ್ಲಿ ಲಕ್ಷಾಂತರ ಬಗೆಯ ಸಾಮಾನುಗಳುಂಟು, ಕಟ್ಟುವವನಿಗೆ ಸಮಯವು ಅತ್ಯಲ್ಪ. ಇದಕ್ಕೆ ಎಂಥ ಚೀಲ ಸಾಕು ಎಂದು ಪ್ರತಿಯೊಂದರ ವಿಷಯವಾಗಿ ಯೋಚಿಸುವದಕ್ಕೆ ತಗಲುವ ಕೂಲಿಯು ಚೀಲದ ಬೆಲೆಗಿಂತ ಹೆಚ್ಚು. ಆದಕಾರಣ ಎಲ್ಲಕ್ಕೂ ಒಂದೇ ನಿಯಮ, ಒಂದೆರಡೇ ಅಳತೆಯ ಪೆಟ್ಟಿಗೆ. ಇಲ್ಲಿ ಉಳಿದದ್ದು ಮನುಷ್ಯನ ಗಮನ. ವೆಚ್ಚವಾದದ್ದು ಮರ, ನೀರು, ಎಣ್ಣೆ.

ಆ ವೆಚ್ಚವನ್ನು ಕೊನೆಗೆ ಕೊಡುವವರು ಯಾರು? ಪೆಟ್ಟಿಗೆಯ ಹಿಂದೆ ಹೋಗಿ ನೋಡಿರಿ. ರಟ್ಟನ್ನು ಗುಜರಿಯವನು ಕೊಂಡುಕೊಳ್ಳುವನು. ಬೆಳ್ಳಿಯ ಚೀಲವನ್ನು ಅವನು ಮುಟ್ಟುವದಿಲ್ಲ. ಪ್ಲಾಸ್ಟಿಕ್ಕೂ ಲೋಹವೂ ಅಗಲದಂತೆ ಕೂಡಿರುವದರಿಂದ ಅದನ್ನು ಕರಗಿಸಿ ತಿರಿಗಿ ಉಪಯೋಗಿಸುವದು ಕಷ್ಟ. ಕಸದ ಗಾಡಿಯು ಮುಟ್ಟದ ಒಂಟಿಮನೆಗಳಲ್ಲಿ ಅದು ಬಚ್ಚಲೊಲೆಗೆ ಹೋಗುತ್ತದೆ. ಬೆಳಗಿನ ಜಾವದಲ್ಲಿ ನೀರು ಕಾಯಿಸುವದಕ್ಕೆ ಒಲೆಯ ಮುಂದೆ ಕೂತುಕೊಳ್ಳುವ ತಾಯಿಯೂ ಅವಳ ಸೊಂಟದ ಮೇಲಿರುವ ಕೂಸೂ ಆ ಹೊಗೆಯನ್ನು ಕುಡಿಯುತ್ತಾರೆ. ಒಲೆಗೆ ಹಾಕದಿದ್ದರೆ ತಿಪ್ಪೆಗೆ ಬಿದ್ದು ದನದ ಹೊಟ್ಟೆಯನ್ನು ಸೇರುತ್ತದೆ. ಆ ತಾಯಿಯು ತುಣುಕುಗಳನ್ನು ಮಾರಿದವಳಲ್ಲ, ಕೊಂಡವಳೂ ಅಲ್ಲ. ಅವಳ ಹೆಸರು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ಆದರೂ ಮಳಿಗೆಯಲ್ಲಿ ಉಳಿಸಿದ ಒಂದು ಗಳಿಗೆಯ ಯೋಚನೆಗೆ ಅವಳ ಉಸಿರೇ ಕ್ರಯವಾಗುವದು.

ಈಗ ನಮ್ಮ ಪ್ರಶ್ನೆಗೆ ಉತ್ತರ ಹೇಳಬಹುದು. ಹಣ ಹೋಯಿತೋ ಇಲ್ಲವೋ ಎಂಬದರಿಂದ ದುಂದನ್ನು ಅಳೆಯಲಾಗದು. ಕಾಯಬೇಕಾದದ್ದನ್ನು ಕಾಯದೆ, ತನ್ನ ಭಾರವನ್ನು ಬೇಡದವರ ತಲೆಯ ಮೇಲೆ ಹೊರಿಸುವ ಹೊದಿಕೆಯೇ ದುಂದು. ಅಗ್ಗವಾದದ್ದೆಲ್ಲಾ ಪುಕ್ಕಟೆಯಲ್ಲ, ಕೆಲವು ಸಾರಿ ಬೆಲೆಯ ಚೀಟಿಯು ಬೇರೆಯವರ ಮನೆಗೆ ಹೋಗಿರುತ್ತದೆ.

ಇದಕ್ಕೆ ಒಬ್ಬನು ಹೀಗೆ ಎದುರುತ್ತರ ಕೊಡಬಹುದು: ಹಿಂದೆ ಹತ್ತು ರೂಪಾಯಿಯ ಒಂದು ತುಣುಕಿಗಾಗಿ ಬೆಂಗಳೂರಿಗೆ ಹೋಗಿ ಬರಬೇಕಾಗಿತ್ತು, ಬಸ್ಸಿನ ದರವೂ ಒಂದು ದಿನದ ಕೂಲಿಯೂ ಹೋಗುತ್ತಿತ್ತು, ಪೆಟ್ಟಿಗೆಯೇ ಮೇಲಲ್ಲವೇ? ಈ ಮಾತು ಸತ್ಯವಾದದ್ದು. ಬಡವನ ಮನೆಬಾಗಿಲಿಗೆ ವಸ್ತುವು ಬರುವದು ಸಣ್ಣ ಉಪಕಾರವಲ್ಲ. ನಾವು ಆಕ್ಷೇಪಿಸುವದು ಕಳುಹಿಸುವದನ್ನಲ್ಲ, ಅಗತ್ಯಕ್ಕೆ ಮೀರಿದ್ದನ್ನು ಮಾತ್ರ. ಉಪಕಾರವನ್ನು ಉಳಿಸಿಕೊಂಡು ದುಂದನ್ನು ಬಿಡುವದು ಅಸಾಧ್ಯವಲ್ಲ.

ಅಸಾಧ್ಯವಲ್ಲವೆಂಬದಕ್ಕೆ ಸಾಕ್ಷಿಗಳುಂಟು. ಕೊರಿಯರಿನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಕಿಲೋಗ್ರಾಮ್ ಎಂದು ಎಣಿಸುತ್ತಾರೆ. ನಿಜವಾದ ತೂಕಕ್ಕಿಂತ ಅದು ಹೆಚ್ಚಾದರೆ ಅದಕ್ಕೇ ಬಾಡಿಗೆ ಕೇಳುತ್ತಾರೆ. ಹೀಗೆ ಗಾಳಿಗೂ ಬಾಡಿಗೆ ಬಿದ್ದಾಗ ವ್ಯಾಪಾರಿಯು ಪೆಟ್ಟಿಗೆಯನ್ನು ಕಿರಿದುಮಾಡಲು ಕಾರಣವುಂಟಾಗುತ್ತದೆ. 2025ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಕಾನೂನು, ಇಂಟರ್ನೆಟ್ ವ್ಯಾಪಾರದ ಪೆಟ್ಟಿಗೆಗಳಲ್ಲಿ ಬರಿದಾದ ಸ್ಥಳವು ನೂರಕ್ಕೆ 50ನ್ನು ಮೀರಬಾರದೆಂದು ಹೇಳುತ್ತದೆ. ಈ ವಿಧಿಯು 2030ಕ್ಕೆ ಮುಂಚೆ ಕಡ್ಡಾಯವಾಗದು. ತುರುಕಿದ ಕಾಗದವನ್ನೂ ಗಾಳಿಯ ದಿಂಬುಗಳನ್ನೂ ಅದು ಬರಿದಾದ ಸ್ಥಳವೆಂದೇ ಎಣಿಸುತ್ತದೆ. ತುಂಬಿದ ಮಾತ್ರದಿಂದ ಬರಿದು ತುಂಬಿದ್ದಾಗದು ಎಂಬ ಈ ಮಾತು ಪೆಟ್ಟಿಗೆಗೆ ಮಾತ್ರವೇ ಸಲ್ಲತಕ್ಕದ್ದಲ್ಲ! ನಮ್ಮ ದೇಶದಲ್ಲಿಯೂ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳೂ 2022ರ ತಿದ್ದುಪಡಿಯೂ ಪ್ಲಾಸ್ಟಿಕ್ ಹೊದಿಕೆಯ ಕೊನೆಯ ಗತಿಗೆ ಉತ್ಪಾದಕರನ್ನೂ ಆಮದುಗಾರರನ್ನೂ ಹೊಣೆಮಾಡಿವೆ.

ಆದರೆ ಸರಕಾರದ ನಿಯಮವು ನಮ್ಮ ಬಚ್ಚಲೊಲೆಯ ತನಕ ಬರುವದಕ್ಕೆ ಬಹಳ ಕಾಲ ಹಿಡಿಯುವದು. ಅಷ್ಟರೊಳಗೆ ಕೊಳ್ಳುವವನು ಮಾಡತಕ್ಕದ್ದೇನು? ಹತ್ತು ಸಾರಿ ಒಂದೊಂದು ತುಣುಕನ್ನು ತರಿಸದೆ, ಬೇಕಾದದ್ದನ್ನು ಪಟ್ಟಿಮಾಡಿಟ್ಟು ಒಂದೇ ಸಾರಿ ತರಿಸಲಿ; ಊರಿನಲ್ಲಿ ಅದೇ ಕಸುಬಿನವರು ಇಬ್ಬರಿದ್ದರೆ ಕೂಡಿ ತರಿಸಲಿ. ಬೆಳ್ಳಿಯ ಚೀಲವನ್ನು ಹರಿಯದೆ ಬಿಡಿಸಿ, ದುರಸ್ತಿಗೆ ಬಂದ ಸರ್ಕ್ಯೂಟ್ ಹಲಗೆಗಳನ್ನು ಅದರಲ್ಲಿ ಇಡಲಿ. ಸಿಲಿಕಾ ಜೆಲ್ಲಿನ ಪೊಟ್ಟಣವು ಹತ್ಯಾರುಗಳ ಪೆಟ್ಟಿಗೆಯಲ್ಲಿ ಇನ್ನೂ ಸ್ವಲ್ಪ ಕಾಲ ತುಕ್ಕನ್ನು ತಡೆಯಬಹುದು. ಇಂಥ ದೊಡ್ಡ ಪೆಟ್ಟಿಗೆ ಬೇಕಾಗಿರಲಿಲ್ಲವೆಂದು ಮಾರಿದವನಿಗೆ ನಾಲ್ಕು ಸಾಲು ಬರೆಯಲಿ; ಗಿರಾಕಿಗಳು ಸುಮ್ಮನಿರುವ ತನಕ ಆ ವೆಚ್ಚವು ಅವನ ಕಣ್ಣಿಗೆ ಬೀಳದು. ಉಳಿದದ್ದನ್ನು ಸುಡದೆ, ಒಟ್ಟಾಗಿ ಕೂಡಿಸಿ, ಪಂಚಾಯತಿಯ ಕಸದ ಗಾಡಿಗೆ ಒಪ್ಪಿಸಲಿ.

ಇವು ಅಲ್ಪ ಕಾರ್ಯಗಳು ಎಂದು ಯಾರಾದರೂ ಅಂದಾರು. ಹೌದು, ಅಲ್ಪವೇ. ಆದರೆ ದೊಡ್ಡ ಮಳಿಗೆಯಲ್ಲಿ ತಪ್ಪಿಹೋದದ್ದು ಕೂಡ ಅಲ್ಪವೇ ಅಲ್ಲವೋ? ಈ ವಸ್ತುವಿಗೆ ಎಷ್ಟು ಸಾಕು, ಇದರ ನಂತರ ಇದನ್ನು ಯಾರು ಹೊರುವರು ಎಂಬ ಒಂದು ಗಳಿಗೆಯ ಗಮನ ಅಷ್ಟೇ. ಒಳ್ಳೇ ಮನೆವಾರ್ತೆಯವನು ಕಣಜದ ಅಕ್ಕಿಯನ್ನು ಅಳೆಯುವ ಹಾಗೆಯೇ ಕಸವನ್ನೂ ಅಳೆಯುತ್ತಾನೆ. ಮುಂದಿನ ಸಾರಿ ಪಾರ್ಸೆಲ್ ಬಂದಾಗ ನಗುವದು ತಪ್ಪಲ್ಲ. ನಕ್ಕಾದ ಮೇಲೆ, ಚೀಲವು ಯಾರ ಕೈಗೆ ಹೋಗುತ್ತದೆಂದು ನೋಡಿರಿ.