ಔಷಧದಾನವೂ ಅಪ್ರಮಾದವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಶ್ರಾವಕನ ಕರ್ತವ್ಯವೆಂದು ಹಿರಿಯರು ವಿಧಿಸಿದ್ದಾರೆ. ಔಷಧದಾನದ ಈ ಕಾಲದ ರೂಪವೇ ಧರ್ಮಾರ್ಥ ಆಸ್ಪತ್ರೆ. ಕಟ್ಟಡಕ್ಕೆ ಧನವಿತ್ತು, ಶಿಲಾಫಲಕದಲ್ಲಿ ಹೆಸರು ಕೆತ್ತಿಸಿದೊಡನೆ ದಾನ ಪೂರ್ಣವಾಯಿತೆಂದು ಭಾವಿಸುವವರುಂಟು. ಅಲ್ಲಿ ದೊರೆಯುವ ಶುಶ್ರೂಷೆಯನ್ನು ಪರೀಕ್ಷಿಸುವುದು ಧರ್ಮವೆ, ಅಥವಾ ಸೇವಾನಿರತರಲ್ಲಿ ತೋರುವ ಅವಿಶ್ವಾಸವೆ?

1847ರಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಈ ಪ್ರಶ್ನೆ ತೀವ್ರವಾಗಿ ಎದುರಾಯಿತು. ಅಲ್ಲಿ ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ಹೆರಿಗೆ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿಯೇ ಬಾಣಂತಿಯರ ಸಾವು ಹೆಚ್ಚಾಗಿತ್ತು. ಶವಪರೀಕ್ಷೆ ಮಾಡಿದ ಕೈಗಳೇ ಮೃತ್ಯುವನ್ನು ಒಯ್ಯುತ್ತಿವೆಯೆಂದು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕಂಡುಕೊಂಡು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈತೊಳೆಯುವ ನಿಯಮವನ್ನು ತಂದರು. ಏಪ್ರಿಲ್‌ನಲ್ಲಿ ಶೇಕಡಾ 18ರಷ್ಟಿದ್ದ ಮರಣ ಪ್ರಮಾಣ ಜೂನ್‌ನಲ್ಲಿ ಶೇಕಡಾ 2ರ ಸುಮಾರಿಗೆ ಇಳಿಯಿತು. ಆದರೂ ಅನೇಕ ವೈದ್ಯರು ಒಪ್ಪಲಿಲ್ಲ. ಒಪ್ಪಿದರೆ ಆ ಸಾವುಗಳಿಗೆ ತಮ್ಮ ಕೈಗಳೇ ಕಾರಣವೆಂದು ಅಂಗೀಕರಿಸಬೇಕಾಗಿತ್ತು.

ಕೊಲ್ಲುವ ಸಂಕಲ್ಪ ಅವರಲ್ಲಿ ಯಾರಿಗೂ ಇರಲಿಲ್ಲ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದಕ್ಕೆ ಮೊದಲ ಸ್ಥಾನ ಕೊಟ್ಟಿದೆ. ಕಾರಣ ತಿಳಿಯುವ ಮೊದಲು ಆದದ್ದು ಅಜ್ಞಾನ. ತಿಳಿದ ಮೇಲೂ ಕೈ ತೊಳೆಯದಿರುವುದು ಪ್ರಮಾದ. ತಿಳಿಯಲು ಅವಕಾಶವಿದ್ದೂ ಕಣ್ಣೆತ್ತಿ ನೋಡದಿರುವುದೂ ಪ್ರಮಾದವೇ. ವಿಶ್ವಸ್ತ ಮಂಡಳಿಗೆ ಅನ್ವಯಿಸುವುದು ಈ ಕಡೆಯ ಮಾತು.

ಮುನಿಗಳು ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರಿ ಕುಳಿತುಕೊಳ್ಳುವುದು ನೆಲದ ಮೇಲಿನ ಅವಿಶ್ವಾಸದಿಂದಲ್ಲ, ಅಲ್ಲಿರಬಹುದಾದ ಜೀವದ ಮೇಲಿನ ಕರುಣೆಯಿಂದ. ಆಸ್ಪತ್ರೆಯ ಪರಿಶೀಲನೆಯೂ ಹಾಗೆಯೇ. ಹಣ ತೆತ್ತ ರೋಗಿ ಅತೃಪ್ತನಾದರೆ ಬೇರೆಡೆಗೆ ಹೋದಾನು. ಉಚಿತ ಚಿಕಿತ್ಸೆಗೆ ಬಂದವನು ಕೈಮುಗಿದು ಸುಮ್ಮನಿರುತ್ತಾನೆ. ಆ ಮೌನವನ್ನು ತೃಪ್ತಿಯೆಂದು ಎಣಿಸಲಾಗದು.

ಸುಧಾರಣೆಗೆ ಸದಾ ಹೆಚ್ಚಿನ ಧನವೇ ಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಪರಿಶೀಲನಾ ಪಟ್ಟಿಯೊಂದನ್ನು ರೂಪಿಸಿತು. ರೋಗಿ ಯಾರು, ಶಸ್ತ್ರಕ್ರಿಯೆ ಯಾವ ಭಾಗಕ್ಕೆ, ಉಪಕರಣಗಳ ಎಣಿಕೆ ಸರಿಯಿದೆಯೆ ಎಂಬಂತಹ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿ ಉತ್ತರಿಸುವುದಷ್ಟೇ ಅದರ ಕ್ರಮ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದಲ್ಲಿ ಮರಣ ಪ್ರಮಾಣವು ಶೇಕಡಾ 1.5ರಿಂದ 0.8ಕ್ಕೆ ಇಳಿದುದು 2009ರಲ್ಲಿ ಪ್ರಕಟವಾಯಿತು.

ಪರಿಶೀಲನೆಯು ದಂಡನೆಯ ಸಾಧನವಾಗಬಾರದು. ತಪ್ಪು ಔಷಧ ಕೊಟ್ಟುದನ್ನು ತಾನೇ ಬಂದು ತಿಳಿಸಿದ ದಾದಿಯನ್ನು ಕೆಲಸದಿಂದ ತೆಗೆದರೆ ತಪ್ಪುಗಳು ನಿಲ್ಲುವುದಿಲ್ಲ, ಅಡಗುತ್ತವೆ. ಪ್ರಾಯಶ್ಚಿತ್ತದ ಮೊದಲ ಭೇದವೇ ಆಲೋಚನೆ, ಅಂದರೆ ಗುರುವಿನ ಮುಂದೆ ದೋಷವನ್ನು ಮರೆಮಾಚದೆ ನಿವೇದಿಸುವುದು. ಅಂತಹ ನಿರ್ಭಯ ನಿವೇದನೆಗೆ ಆಸ್ಪತ್ರೆಯಲ್ಲಿ ಸ್ಥಾನವಿರಬೇಕು. ತಿಳಿಹೇಳಿದರೂ ತಿದ್ದಿಕೊಳ್ಳದವನನ್ನು ಮಾತ್ರ ದಾಕ್ಷಿಣ್ಯಕ್ಕೆ ಉಳಿಸಿಕೊಳ್ಳಲಾಗದು. ಆ ದಾಕ್ಷಿಣ್ಯದ ಬೆಲೆ ತೆರುವವನು ರೋಗಿ.

ವಾರ್ಷಿಕ ಸಭೆಯಲ್ಲಿ ಜಮಾ-ಖರ್ಚು ಓದುವ ವಾಡಿಕೆಯಿದೆ. ಅದರೊಡನೆ ಆ ವರ್ಷ ಸಂಭವಿಸಿದ ಸಾವು, ಸೋಂಕು, ಲೋಪಗಳನ್ನೂ ಅವುಗಳಿಗೆ ಕೈಗೊಂಡ ಕ್ರಮವನ್ನೂ ಓದಬೇಕು. ಪೈಸೆ ಪೈಸೆಗೆ ಲೆಕ್ಕ ಕೇಳುವ ಸಭೆಯು ಪ್ರಾಣಕ್ಕೂ ಲೆಕ್ಕ ಕೇಳಿದಾಗಲೇ ಔಷಧದಾನವು ಅಭಯದಾನವೂ ಆಗುತ್ತದೆ.