ನೆರಳಿನ ಹೂವೂ ಯೋಗ್ಯತೆಯ ವಿಚಾರವೂ

ಜೀವರು ಅನೇಕರು, ಅವರ ಸ್ವಭಾವ ಬೇರೆ, ಯೋಗ್ಯತೆ ಬೇರೆ ಎಂಬುದು ಶ್ರೀಮದಾನಂದತೀರ್ಥರ ಸಿದ್ಧಾಂತ. ಪಂಚಭೇದಗಳಲ್ಲಿ ಜೀವ-ಜೀವ ಭೇದವೂ ಒಂದೆಂದು ನಾವೆಲ್ಲರೂ ಪ್ರವಚನಗಳಲ್ಲಿ ಕೇಳಿ ಬಲ್ಲೆವು. ಆದರೆ ಈ ತತ್ತ್ವವನ್ನು ಮನೆಯ ನಡೆವಳಿಕೆಗೆ ತರುವಾಗ ಎಡವುವ ಸಂಭವವುಂಟು. ಪಾಠ ಹತ್ತದ ಹುಡುಗನನ್ನೋ ಮಾತು ಕಡಿಮೆಯ ಸೊಸೆಯನ್ನೋ ಕುರಿತು "ಅವರ ಯೋಗ್ಯತೆಯೇ ಅಷ್ಟು" ಎಂದುಬಿಡುತ್ತೇವೆ. ಹೀಗೆ ನಿರ್ಣಯಿಸುವ ಅಧಿಕಾರ ನಮಗುಂಟೆ? ನಮ್ಮ ಹಿತ್ತಲೇ ಇದಕ್ಕೆ ದೃಷ್ಟಾಂತವನ್ನು ಒದಗಿಸುತ್ತದೆ.

ತುಲಸಿಗೆ ಬಿಸಿಲು ಬೇಕು. ಆದುದರಿಂದ ವೃಂದಾವನವು ತೆರೆದ ಅಂಗಳದಲ್ಲಿ ಶೋಭಿಸುತ್ತದೆ. ಮಾವು-ತೆಂಗುಗಳ ನೆರಳು ಬಿದ್ದ ಹಿತ್ತಲನ್ನಾದರೋ ಹೂವಿಗೆ ಬಾರದ ನೆಲವೆಂದು ಅನೇಕರು ಬಿಟ್ಟುಬಿಡುತ್ತಾರೆ. ಅಂತಹ ನೆಲದಲ್ಲಿಯೂ ಒಮ್ಮೆ ನೆಟ್ಟರೆ ಹಲವು ವರ್ಷ ಹೂಕೊಡುವ ಗಿಡಗಳುಂಟು. ಶುಂಠಿಯ ಕುಟುಂಬಕ್ಕೆ ಸೇರಿದ ಸುಗಂಧಿಯ ಗೆಡ್ಡೆಯನ್ನು ಮಳೆಗಾಲದ ಆರಂಭದಲ್ಲಿ ಗೊಬ್ಬರ ಬೆರೆತ, ತೇವ ಆರದ ಮಣ್ಣಿನಲ್ಲಿ ಹೆಚ್ಚು ಆಳವಿಲ್ಲದೆ ನೆಟ್ಟರೆ, ಮುಂದೆ ಚಿಟ್ಟೆಯಂತಹ ಬಿಳಿಯ ಹೂಗಳು ಅರಳಿ ಸಂಜೆಯನ್ನು ಪರಿಮಳಗೊಳಿಸುತ್ತವೆ. ನೀರು ನಿಲ್ಲದ ಮಣ್ಣಿರುವ ಕಡೆ, ಎಲೆಗಳ ನಡುವೆ ಸೋಸಿ ಬರುವ ಬೆಳಕಿನಲ್ಲಿ, ಕನಕಾಂಬರವು ಚೆನ್ನಾಗಿ ಬೆಳೆಯುತ್ತದೆ. ಸುಗಂಧಿಯನ್ನು ನೀರಿಲ್ಲದ ಸುಡುಬಿಸಿಲಿನಲ್ಲಿಟ್ಟರೆ ಎಲೆಯಂಚು ಕರಕಾಗುವುದು. ಅದು ಗಿಡದ ದೋಷವಲ್ಲ, ಸ್ವಭಾವವನ್ನರಿಯದೆ ನೆಟ್ಟವನ ದೋಷ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ನೆರಳೆಂದರೆ ಕತ್ತಲೆಯಲ್ಲ. ನೆರಳನ್ನು ಸಹಿಸುವ ಗಿಡವೂ ಬೆಳಕಿನಿಂದಲೇ ಆಹಾರವನ್ನು ಮಾಡಿಕೊಳ್ಳಬೇಕು. ನೆರಳು ಅತಿ ದಟ್ಟವಾದರೆ ಎಲೆ ಬಂದೀತು, ಹೂ ಬಾರದು. ಆಗ ವಿವೇಕಿಯು ಗಿಡವನ್ನು ನಿಂದಿಸದೆ ಮೇಲಿನ ಕೊಂಬೆಯನ್ನು ಸವರುತ್ತಾನೆ. ನಾವೋ, ಮನುಷ್ಯರ ವಿಷಯದಲ್ಲಿ ಬೆಳಕನ್ನು ನಾವೇ ತಡೆದು, ಬಳಿಕ ಹೂವಿಲ್ಲವೆಂದು ದೂರುತ್ತೇವೆ. ಆ ದೂರಿಗೆ ಶಾಸ್ತ್ರದ ಹೆಸರನ್ನೂ ಕೊಡುತ್ತೇವೆ.

ಗಿಡದ ಸ್ವಭಾವವನ್ನು ಅನುಭವದಿಂದ ತಿಳಿಯಬಹುದು. ಜೀವನ ಸ್ವರೂಪಯೋಗ್ಯತೆಯನ್ನಾದರೋ ಸರ್ವಜ್ಞನಾದ ಶ್ರೀಹರಿಯೇ ಬಲ್ಲನು. ಪರರ ಯೋಗ್ಯತೆಗೆ ಎಲ್ಲೆ ಹಾಕುವುದು ನಮ್ಮ ಅಧಿಕಾರವಲ್ಲ. ಅದು ಅರಳಲು ಬೇಕಾದ ವಿದ್ಯೆ, ಅವಕಾಶ, ಆದರಗಳನ್ನು ಒದಗಿಸುವುದು ನಮ್ಮ ಕರ್ತವ್ಯ. ಮುಕ್ತರಲ್ಲಿಯೂ ಆನಂದದ ತಾರತಮ್ಯವುಂಟು, ಆದರೆ ಅಲ್ಲಿ ಅಸೂಯೆಯಿಲ್ಲ, ತಿರಸ್ಕಾರವಿಲ್ಲ. ತಾರತಮ್ಯಜ್ಞಾನವು ನಮ್ಮನ್ನು ಉತ್ತಮರಲ್ಲಿ ವಿನಯವುಳ್ಳವರನ್ನಾಗಿ, ಕಿರಿಯರಲ್ಲಿ ದಯೆಯುಳ್ಳವರನ್ನಾಗಿ ಮಾಡಬೇಕೇ ಹೊರತು ನಿಂದೆಗೆ ಸಾಧನವಾಗಬಾರದು.

ಪತ್ರವನ್ನಾಗಲಿ ಪುಷ್ಪವನ್ನಾಗಲಿ ಭಕ್ತಿಯಿಂದ ಅರ್ಪಿಸಿದರೆ ಸ್ವೀಕರಿಸುವೆನೆಂದು ಭಗವಂತನು ಗೀತೆಯ 9ನೆಯ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಅಂಗಳದ ತುಲಸಿಯೂ ಹಿತ್ತಲಿನ ಸುಗಂಧಿಯೂ ಒಂದೇ ತಟ್ಟೆಯಲ್ಲಿ ಅವನ ಸನ್ನಿಧಿಗೆ ಹೋಗಲಿ.

ಶ್ರೀಕೃಷ್ಣಾರ್ಪಣಮಸ್ತು.